ಹಮದರ್ದ: ಒಂದು ಊರು, ಒಂದು ಶಾಲೆ, ಒಂದು ಹೆಸರು

ಮುಂಬಯಿಯ ಕಡೆಯಿಂದ ಹಾಸುತ್ತ ಬಂದ ರೈಲುಹಳಿಯೂ ಮದರಾಸಿನ ಕಡೆಯಿಂದ ಹಾಸುತ್ತ ಬಂದ ರೈಲುಹಳಿಯೂ ೧೮೭೧ರಲ್ಲಿ ಒಂದನ್ನೊಂದು ಕೂಡಿಕೊಂಡದ್ದು ರಾಯಚೂರಿನಲ್ಲಿ. ಕೂಡಿಸುವ ಕೆಲಸ ಈ ಊರಿಗೆ ಹೊಸದಲ್ಲ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ನಡುವಿನ ಈ ಎಡೆದೊರೆ ನಾಡಿಗಾಗಿ ಅರಸರು ಶತಮಾನಗಟ್ಟಲೆ ಹೊಡೆದಾಡಿದರು. ಕಾಕತೀಯರ ಕಾಲದ ೧೨೯೪ರ ಶಿಲಾಶಾಸನವಿರುವ ಕೋಟೆಯಲ್ಲಿಯೇ ಮುಂದೆ ಫಾರಸಿ ಶಾಸನಗಳನ್ನೂ ಕೆತ್ತಿದರು. ೧೫೨೦ರಲ್ಲಿ ಕೃಷ್ಣದೇವರಾಯನ ಸೈನ್ಯ ಇದೇ ಕೋಟೆಯನ್ನು ಗೆದ್ದುಕೊಂಡಿತು. ಅರಸರು ಬಂದರು, ಹೋದರು. ಅವರು ಬಿಟ್ಟುಹೋದ ಭಾಷೆಗಳು ಮಾತ್ರ ಪೇಟೆಯ ಬೀದಿಯಲ್ಲಿ ಒಂದರ ಪಕ್ಕದಲ್ಲೊಂದು ಅಂಗಡಿ ಹೂಡಿಕೊಂಡು ಕುಳಿತವು. ಇಂದಿಗೂ ರಾಯಚೂರಿನ ಸಂತೆಯಲ್ಲಿ ಒಬ್ಬನೇ ವ್ಯಾಪಾರಿ ಕನ್ನಡದಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಚೌಕಾಸಿಗೆ ಉತ್ತರ ಕೊಟ್ಟು, ಉರ್ದುವಿನಲ್ಲಿ ವ್ಯವಹಾರ ಮುಗಿಸುವುದನ್ನು ಕಾಣಬಹುದು.

ಇಂಥ ಊರಿನಲ್ಲಿ ಒಂದು ಶಾಲೆಯಿದೆ. ಅದರ ಹೆಸರು ಹಮದರ್ದ. ಹೊರಗಿನಿಂದ ಬಂದವರು ಈ ಹೆಸರನ್ನು ಕೇಳಿ, ಇದು ಮುಸಲ್ಮಾನರ ಶಾಲೆಯಿರಬೇಕೆಂದು ತಿಳಿಯುವುದುಂಟು; ಔಷಧಿಯ ಅಂಗಡಿಯೇ ಎಂದು ಕೇಳಿದವರೂ ಇದ್ದರೆ ಆಶ್ಚರ್ಯವಿಲ್ಲ. ಅದನ್ನು ಸ್ಥಾಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು. ‘ಹಮ್’ ಎಂದರೆ ಜೊತೆಗೆ, ‘ದರ್ದ್’ ಎಂದರೆ ನೋವು. ಇನ್ನೊಬ್ಬರ ನೋವನ್ನು ತನ್ನದೆಂದು ಬಗೆಯುವವನು ಹಮದರ್ದ. ಒಂದು ಶಾಲೆಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕುವುದು ಕಷ್ಟ. ಆದರೆ ಈ ಹೆಸರಿನ ಬೆಲೆ ತಿಳಿಯಬೇಕಾದರೆ, ಅದು ಹುಟ್ಟಿದ ಕಾಲದಲ್ಲಿ ಈ ನಾಡಿನ ಮಕ್ಕಳು ಅಕ್ಷರ ಕಲಿಯಲು ಪಡುತ್ತಿದ್ದ ಪಾಡನ್ನು ಮೊದಲು ತಿಳಿಯಬೇಕು.

ಅಯ್ಯನವರ ಮಠದಿಂದ ಫೌಖಾನಿಯಾದವರೆಗೆ

ವಿದ್ಯೆ ಈ ನಾಡಿಗೆ ಅಪರಿಚಿತವಾಗಿರಲಿಲ್ಲ. ಹರಿದಾಸರ ಎರಡನೆಯ ಪೀಳಿಗೆ ಹೆಚ್ಚಾಗಿ ಇದೇ ಮಣ್ಣಿನದು. ವಿಜಯದಾಸರು ಮಾನ್ವಿ ತಾಲೂಕಿನ ಚೀಕಲಪರವಿಯವರು. ಗೋಪಾಲದಾಸರು ದೇವದುರ್ಗ ತಾಲೂಕಿನ ಮೊಸರಕಲ್ಲಿನವರು. ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಮಾನ್ವಿ ತಾಲೂಕಿನ ಬ್ಯಾಗವಟ್ಟಿಯಲ್ಲಿ ಹುಟ್ಟಿ ಮಾನ್ವಿಯಲ್ಲಿ ಬಾಳಿದವರು. ಓದಲು ಬಾರದ ಹೆಣ್ಣುಮಕ್ಕಳು ಸಹ ಬೀಸುಕಲ್ಲಿನ ಮುಂದೆ ಕುಳಿತು ತತ್ತ್ವವನ್ನು ಹಾಡಬಲ್ಲವರಾಗಿದ್ದರು. ಊರ ಮಠದಲ್ಲಿ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಮಸೀದಿಯ ಪಕ್ಕದ ಮಕ್ತಬಿನಲ್ಲಿ ಮುಲ್ಲಾಸಾಹೇಬರು ಅಲೀಫ್, ಬೇ ಹೇಳಿಕೊಡುತ್ತಿದ್ದರು. ಆದರೆ ಈ ವಿದ್ಯೆ ಊರ ಅಗಸಿಯನ್ನು ದಾಟುತ್ತಿರಲಿಲ್ಲ. ಊರೊಳಗೂ ಎಲ್ಲರ ಮನೆಯ ಬಾಗಿಲಿಗೆ ಹೋಗುತ್ತಿರಲಿಲ್ಲ. ಕೇರಿಯ ಹುಡುಗನಿಗೆ ಆ ಮರಳಿನ ಹತ್ತಿರ ಸುಳಿಯುವ ಅಧಿಕಾರವೂ ಇರಲಿಲ್ಲವೆಂಬುದನ್ನು ಮರೆಯಲಾಗದು.

ರಾಯಚೂರು ದೋಆಬು ೧೮೫೩ರಲ್ಲಿ ನಿಜಾಮರ ಕೈತಪ್ಪಿ ಕಂಪನಿ ಸರ್ಕಾರದ ಆಡಳಿತಕ್ಕೆ ಸೇರಿತು. ೧೮೬೦ರಲ್ಲಿ ಮರಳಿ ನಿಜಾಮರಿಗೆ ಬಂದಿತು. ಆ ಮೇಲೆ ಸಾಲಾರ್ ಜಂಗರ ಸುಧಾರಣೆಗಳು ನಡೆದು ಜಿಲ್ಲೆ, ತಾಲೂಕುಗಳ ಏರ್ಪಾಡಾಯಿತು, ಕಚೇರಿಗಳು ಹುಟ್ಟಿದವು. ಕಚೇರಿ ಬಂದಲ್ಲಿ ಗುಮಾಸ್ತರು ಬೇಕು, ಗುಮಾಸ್ತರಿಗಾಗಿ ಶಾಲೆ ಬೇಕು. ಹೀಗೆ ಸರ್ಕಾರಿ ಶಾಲೆಗಳು ಮೆಲ್ಲಮೆಲ್ಲಗೆ ತಲೆಯೆತ್ತಿದವು. ಮೊದಲು ಫಾರಸಿಯಲ್ಲಿ ನಡೆಯುತ್ತಿದ್ದ ರಾಜ್ಯದ ಕಾಗದಪತ್ರಗಳು ೧೮೮೦ರ ದಶಕದಲ್ಲಿ ಉರ್ದುವಿಗೆ ತಿರುಗಿದವು. ಅಂದಿನಿಂದ ನೌಕರಿಯ ಬಾಗಿಲಿಗೆ ಉರ್ದುವೇ ಕೀಲಿಕೈ.

ನಿಜಾಮರ ಶಾಲೆಗಳಲ್ಲಿ ಮೂರು ಮೆಟ್ಟಿಲುಗಳಿದ್ದವು. ಮೊದಲನೆಯದು ತಹತಾನಿಯಾ, ನಡುವಿನದು ವಸ್ತಾನಿಯಾ, ಮೇಲಿನದು ಫೌಖಾನಿಯಾ. ಇಂದಿನ ಮಾತಿನಲ್ಲಿ ಪ್ರಾಥಮಿಕ, ಮಾಧ್ಯಮಿಕ, ಪ್ರೌಢ ಶಾಲೆಗಳೆನ್ನಬಹುದು. ಮೊದಲ ಮೆಟ್ಟಿಲಿನಲ್ಲಿ ಕನ್ನಡದ ಹುಡುಗನಿಗೆ ಕನ್ನಡದ ಆಸರೆ ಅಷ್ಟಿಷ್ಟು ಸಿಕ್ಕುತ್ತಿತ್ತು. ಮೇಲಕ್ಕೆ ಹತ್ತಿದಂತೆ ಲೆಕ್ಕ ‘ಹಿಸಾಬ್’ ಆಗುತ್ತಿತ್ತು, ಇತಿಹಾಸ ‘ತಾರೀಖ್’ ಆಗುತ್ತಿತ್ತು, ಭೂಗೋಲ ‘ಜುಗ್ರಾಫಿಯಾ’ ಆಗುತ್ತಿತ್ತು. ಕೃಷ್ಣೆಯ ದಂಡೆಯಲ್ಲಿ ಈಜಿ ಬೆಳೆದ ಹುಡುಗ ಆ ಹೊಳೆ ಎಲ್ಲಿ ಹುಟ್ಟಿ ಎಲ್ಲಿ ಸಮುದ್ರ ಸೇರುವುದೆಂಬುದನ್ನು ತನ್ನ ತಾಯಿ ಆಡದ ಮಾತಿನಲ್ಲಿ ಬಾಯಿಪಾಠ ಮಾಡಬೇಕಾಗಿತ್ತು.

ಇಲ್ಲಿ ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ೧೯೧೭ರ ಫರ್ಮಾನಿನಿಂದ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯ ದೇಶಭಾಷೆಯಲ್ಲಿ ಉಚ್ಚಶಿಕ್ಷಣ ಕೊಡಲು ಹೊರಟ ಧೀರ ಪ್ರಯತ್ನ. ಇಂಗ್ಲಿಷಿಲ್ಲದೆ ವಿಜ್ಞಾನವೇ ಇಲ್ಲವೆಂದು ದೊಡ್ಡವರೆಲ್ಲ ನಂಬಿದ್ದ ಕಾಲದಲ್ಲಿ, ಅದಕ್ಕಾಗಿಯೇ ಒಂದು ಭಾಷಾಂತರ ಇಲಾಖೆಯನ್ನು ತೆರೆದು, ಗ್ರಂಥಗಳನ್ನು ಉರ್ದುವಿಗೆ ಇಳಿಸಿ, ಭಾರತದ ಭಾಷೆಯೊಂದು ಪದವಿಯವರೆಗೆ ನಡೆಯಬಲ್ಲದೆಂದು ಅದು ತೋರಿಸಿಕೊಟ್ಟಿತು. ತತ್ತ್ವ ದೊಡ್ಡದೇ, ಆದರೆ ಆ ತತ್ತ್ವದ ಫಲ ಎಲ್ಲರಿಗೂ ಸಿಕ್ಕಲಿಲ್ಲ. ಉರ್ದುವನ್ನು ಮನೆಮಾತಾಗಿ ಉಳ್ಳವರು ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಹನ್ನೊಂದು ಮಂದಿ; ಕನ್ನಡಿಗರೂ ಹೆಚ್ಚುಕಡಿಮೆ ಅಷ್ಟೇ. ತೆಲುಗರು, ಮರಾಠಿಗರು ಇನ್ನೂ ಹೆಚ್ಚು. ತನ್ನ ಭಾಷೆಯಲ್ಲಿ ಕಲಿಯುವ ಭಾಗ್ಯ ದೊಡ್ಡದೆಂದು ಸಾರಿದ ಸರ್ಕಾರ, ಆ ಭಾಗ್ಯವನ್ನು ಹತ್ತರಲ್ಲಿ ಒಬ್ಬನಿಗೆ ಕೊಟ್ಟು ಉಳಿದ ಒಂಬತ್ತು ಜನರಿಗೆ ಕಾಯಲು ಹೇಳಿತು.

ಪಂಡಿತರು ಬಂದದ್ದು

ಈ ಹೊತ್ತಿನಲ್ಲಿ ರಾಯಚೂರನ್ನು ತಮ್ಮ ಕರ್ಮಭೂಮಿಯಾಗಿ ಆರಿಸಿಕೊಂಡವರು ತಾರಾನಾಥರು. ಹುಟ್ಟಿದ್ದು ೧೮೯೧ರಲ್ಲಿ. ಅವರನ್ನು ಒಂದೇ ಮಾತಿನಲ್ಲಿ ಬಣ್ಣಿಸುವುದು ಸಾಧ್ಯವಿಲ್ಲ. ಅವರು ವೈದ್ಯರು, ಸಂಗೀತಗಾರರು, ಹಲವು ಭಾಷೆ ಬಲ್ಲವರು, ನಾಟಕ ಬರೆದವರು, ಸಮಾಜಸುಧಾರಕರು. ‘ದೀನಬಂಧು ಕಬೀರ’ ಎಂಬ ನಾಟಕಕ್ಕೆ ಅವರು ನಾಯಕನನ್ನಾಗಿ ಆರಿಸಿಕೊಂಡದ್ದು, ಹಿಂದುವೋ ಮುಸಲ್ಮಾನನೋ ಎಂದು ಎರಡು ಪಂಗಡಗಳೂ ಜಗಳವಾಡಿದ ಆ ನೇಕಾರ ಸಂತನನ್ನು. ಈ ಒಂದು ಆಯ್ಕೆಯಲ್ಲಿಯೇ ಅವರ ಮನಸ್ಸಿನ ದಾರಿ ಕಾಣುತ್ತದೆ.

೧೯೨೦ರ ದಶಕದ ಹೊಸ್ತಿಲಲ್ಲಿ ದೇಶದಲ್ಲೆಲ್ಲ ಅಸಹಕಾರದ ಗಾಳಿ ಬೀಸುತ್ತಿತ್ತು. ಸರ್ಕಾರಿ ಶಾಲೆಗಳನ್ನು ಬಿಟ್ಟು ಬನ್ನಿರೆಂದು ಗಾಂಧೀಜಿ ಕರೆ ಕೊಟ್ಟಿದ್ದರು; ಖಿಲಾಫತ್ ಚಳವಳಿಯಲ್ಲಿ ಹಿಂದೂ ಮುಸಲ್ಮಾನರು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದರು. ಊರೂರಿಗೆ ರಾಷ್ಟ್ರೀಯ ಶಾಲೆಗಳು ಹುಟ್ಟಿಕೊಂಡವು. ನಿಜಾಮರ ರಾಜ್ಯದ ಮರಾಠವಾಡದಲ್ಲಿ ಹಿಪ್ಪರಗಾ ಎಂಬ ಸಣ್ಣ ಹಳ್ಳಿಯಲ್ಲಿ ಅಂಥದೊಂದು ಶಾಲೆ ನಡೆಯಿತು. ಮುಂದೆ ಹೈದರಾಬಾದು ವಿಮೋಚನೆಯ ಮುಂದಾಳಾದ ಸ್ವಾಮಿ ರಾಮಾನಂದ ತೀರ್ಥರು ಅಲ್ಲಿ ಮಾಸ್ತರರಾಗಿದ್ದರು. ಗುಲಬರ್ಗೆಯಲ್ಲಿ ೧೯೦೭ರಿಂದಲೇ ನೂತನ ವಿದ್ಯಾಲಯವಿತ್ತು. ರಾಯಚೂರಿನ ಪಾಲಿಗೆ ಬಂದದ್ದು ಹಮದರ್ದ.

ಆ ಕಾಲದಲ್ಲಿ ಈ ಪದ ಜನರ ಕಿವಿಗೆ ಹೊಸದಾಗಿರಲಿಲ್ಲ. ಮೌಲಾನಾ ಮಹಮ್ಮದಾಲಿಯವರು ೧೯೧೩ರಲ್ಲಿ ದಿಲ್ಲಿಯಿಂದ ಹೊರಡಿಸಿದ ಉರ್ದು ಪತ್ರಿಕೆಗೆ ಇದೇ ಹೆಸರು. ಅದಕ್ಕೂ ಮೊದಲೇ ದಿಲ್ಲಿಯಲ್ಲಿ ತೆರೆದ ಪ್ರಸಿದ್ಧ ಯುನಾನಿ ದವಾಖಾನೆಗೂ ಇದೇ ಹೆಸರು. ಆದರೆ ಹಿಂದೂ ಪಂಡಿತರೊಬ್ಬರು ಕನ್ನಡ ಸೀಮೆಯ ಶಾಲೆಗೆ ಈ ಹೆಸರಿಟ್ಟರೆಂಬುದರಲ್ಲಿ ವಿಶೇಷವಿದೆ. ‘ಸರಸ್ವತೀ ವಿದ್ಯಾಲಯ’ವೆಂದು ಕರೆದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಉರ್ದುವನ್ನು ಕನ್ನಡಿಗನು ರಾಜಭಾಷೆಯೆಂದು ಹೆದರಿ, ಹೊರೆಯೆಂದು ಹೊತ್ತಿದ್ದ ಕಾಲ ಅದು. ಆ ಭಾಷೆಯ ದರ್ಪವನ್ನು ಪಕ್ಕಕ್ಕೆ ಸರಿಸಿ, ಅದರ ಬೊಕ್ಕಸದಿಂದ ಒಂದೇ ಒಂದು ಮೃದುವಾದ ಮಾತನ್ನು ತಾರಾನಾಥರು ಎತ್ತಿಕೊಂಡರು. ಆಳುವವರ ಉರ್ದು ಬೇರೆ, ನೆರೆಮನೆಯವನ ಉರ್ದು ಬೇರೆ ಎಂಬ ಪಾಠ ಶಾಲೆಯ ಬಾಗಿಲಿನ ಹಲಗೆಯ ಮೇಲೆಯೇ ಇತ್ತು.

ಸರ್ಕಾರಿ ಶಾಲೆಯಲ್ಲಿಯೂ ಹಿಂದೂ ಮುಸಲ್ಮಾನ ಹುಡುಗರು ಕೂಡಿಯೇ ಕುಳಿತಿದ್ದರಲ್ಲವೇ ಎಂದು ಕೇಳಬಹುದು. ಹೌದು, ಕುಳಿತಿದ್ದರು. ಆದರೆ ಒಂದೇ ಗಾಡಿಯಲ್ಲಿ ಕುಳಿತವರೆಲ್ಲ ಒಂದೇ ಮನೆಯವರಾಗುವುದಿಲ್ಲ. ಅಲ್ಲಿ ಅವರನ್ನು ಕೂಡಿಸಿದ್ದು ನೌಕರಿಯ ಆಸೆ. ಇಲ್ಲಿ ಕೂಡಿಸಬೇಕೆಂದಿದ್ದುದು ಪರಸ್ಪರ ಸಹಾನುಭೂತಿ.

ಹೊಳೆಯ ಆಚೆಯ ದಡ

ಇಂಥ ಕೆಲಸ ಅಂದಿನ ಸರ್ಕಾರಕ್ಕೆ ಹಿಡಿಸುವ ಹಾಗಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಸಭೆ ಕೂಡಲು ಮುಂಚಿತವಾಗಿ ಅಪ್ಪಣೆ ಪಡೆಯಬೇಕೆಂದು ‘ಗಸ್ತಿ ನಿಶಾನ್ ೫೩’ ಎಂಬ ಸುತ್ತೋಲೆ ಕಟ್ಟು ಮಾಡಿತ್ತು. ಖಾಸಗಿ ಶಾಲೆ ತೆರೆಯುವುದಕ್ಕೂ ಸರ್ಕಾರದ ಅನುಮತಿ ಬೇಕೆಂಬ ನಿಯಮ ಬಂದಿತು. ಹಳ್ಳಿಯ ಜನ ತಮ್ಮ ಹಣದಲ್ಲಿ, ತಮ್ಮ ಚಾವಡಿಯಲ್ಲಿ, ತಮ್ಮ ಮಕ್ಕಳಿಗೆ ಅಕ್ಷರ ಕಲಿಸಬೇಕೆಂದರೂ ತಹಶೀಲಿನಿಂದ ಸೂಬೆಗೆ, ಸೂಬೆಯಿಂದ ಹೈದರಾಬಾದಿಗೆ ಅರ್ಜಿ ಅಲೆಯಬೇಕು. ಅದು ಮರಳಿ ಬರುವ ಹೊತ್ತಿಗೆ ಮಕ್ಕಳು ಮದುವೆಯ ವಯಸ್ಸಿಗೆ ಬಂದಿರುತ್ತಿದ್ದರೆಂದು ಹೇಳಿದರೆ ಅತಿಶಯೋಕ್ತಿಯೆನಿಸಬಹುದು. ದಫ್ತರದ ನಡೆ ಬಲ್ಲವರು ನಕ್ಕು ಸುಮ್ಮನಾಗುತ್ತಾರೆ.

ತಾರಾನಾಥರು ಸರ್ಕಾರದ ಅವಕೃಪೆಗೆ ಗುರಿಯಾಗಿ ರಾಯಚೂರನ್ನು ಬಿಡಬೇಕಾಯಿತು. ಬಿಟ್ಟು ಬಹುದೂರ ಹೋಗಲಿಲ್ಲ. ರಾಯಚೂರಿನಿಂದ ದಕ್ಷಿಣಕ್ಕೆ ಹೊರಟ ರೈಲು ತುಂಗಭದ್ರೆಯ ಸೇತುವೆಯನ್ನು ದಾಟಿತೆಂದರೆ ಆಗ ನಿಜಾಮರ ಸೀಮೆ ಮುಗಿದು ಮದರಾಸು ಇಲಾಖೆ ಮೊದಲಾಗುತ್ತಿತ್ತು. ಅಲ್ಲಿ ಹೊಳೆಯ ಹತ್ತಿರದ ತುಂಗಭದ್ರಾ ಎಂಬ ಊರಿನಲ್ಲಿ ಅವರು ‘ಪ್ರೇಮಾಯತನ’ವೆಂಬ ಆಶ್ರಮವನ್ನು ಕಟ್ಟಿದರು. ಕೈಯೆತ್ತಿ ಕರೆದರೆ ಕೇಳುವಷ್ಟು ಹತ್ತಿರದಲ್ಲಿ ಒಂದು ರಾಜ್ಯ ಅವರನ್ನು ಬೇಡವೆಂದಿತು, ಇನ್ನೊಂದು ಸುಮ್ಮನಿತ್ತು. ರೋಗಿಗಳು, ಸಾಧಕರು, ಸಂಗೀತಗಾರರು, ದೇಶಸೇವಕರು ಅಲ್ಲಿಗೆ ಬಂದು ಹೋದರು. ೧೯೪೨ರಲ್ಲಿ ಅವರು ತೀರಿಕೊಂಡಾಗ, ಅವರ ಶಾಲೆಯಿದ್ದ ಊರು ಇನ್ನೂ ನಿಜಾಮರ ಆಡಳಿತದಲ್ಲಿಯೇ ಇತ್ತು.

ಕಟ್ಟಿದವರು ಹೋದ ಮೇಲೆ ಶಾಲೆ ನಿಲ್ಲಬೇಕಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆದರೆ ಹಮದರ್ದ ನಿಲ್ಲಲಿಲ್ಲ. ಒಬ್ಬ ಮಹನೀಯರು ಹುಟ್ಟಿಸಿದ ಸಂಸ್ಥೆ ಅವರು ಕಣ್ಮರೆಯಾದ ಮೇಲೂ ಉಳಿಯಿತೆಂದರೆ, ಅದನ್ನು ಉಳಿಸಿದವರು ಹೆಸರಿಲ್ಲದ ಮಾಸ್ತರರೆಂದೇ ತಿಳಿಯಬೇಕು. ಇತಿಹಾಸ ಸ್ಥಾಪಕರ ಹೆಸರನ್ನು ಬರೆದಿಟ್ಟುಕೊಳ್ಳುತ್ತದೆ. ಮರುದಿನ ಬೆಳಿಗ್ಗೆ ಬಂದು ಗಂಟೆ ಹೊಡೆದವರ ಹೆಸರನ್ನು ಮರೆಯುತ್ತದೆ.

ಊರಿನ ಕನ್ನಡದ ಉಸಿರೂ ಆರಲಿಲ್ಲ. ೧೯೩೪ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಲನ ರಾಯಚೂರಿನಲ್ಲಿ ಸೇರಿತು. ಅಧ್ಯಕ್ಷರಾಗಿ ಬಂದವರು ಪಂಜೆ ಮಂಗೇಶರಾಯರು. ಅವರೂ ದಕ್ಷಿಣ ಕನ್ನಡದವರು. ಬಾಳೆಲ್ಲ ಶಾಲೆಗಳ ನಡುವೆ ಕಳೆದವರು. ಮಕ್ಕಳ ನಾಲಗೆಗೆ ಒಗ್ಗುವ ಪದ್ಯಗಳನ್ನು ಕೊಟ್ಟವರು. ಕನ್ನಡ ಕೇವಲ ಮನೆಯ ಮಾತಾಗಿ ಉಳಿದಿದ್ದ ಊರಿಗೆ ಕನ್ನಡದ ಹಬ್ಬವನ್ನು ನಡೆಸಿಕೊಡಲು ಒಬ್ಬ ಮಾಸ್ತರರೇ ಬಂದದ್ದು ಒಪ್ಪುವ ಮಾತು. ಆ ಮೇಲೆ ೧೯೩೮ರಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ‘ವಂದೇ ಮಾತರಂ’ ಹಾಡಿದ್ದಕ್ಕಾಗಿ ಹೊರಗೆ ಹಾಕಲ್ಪಟ್ಟು ನಾಗಪುರದ ವಿಶ್ವವಿದ್ಯಾಲಯದಲ್ಲಿ ಆಶ್ರಯ ಪಡೆದರು. ಶಾಲೆಯ ಹುಡುಗರ ಮನಸ್ಸು ಇನ್ನು ಶಾಲೆಯ ಗೋಡೆಯೊಳಗೆ ನಿಲ್ಲುವುದಿಲ್ಲವೆಂದು ಎಲ್ಲರಿಗೂ ತಿಳಿಯಿತು.

ದೇವದುರ್ಗ, ಮಾನ್ವಿಯ ದಾರಿ

೧೯೪೮ರ ಸೆಪ್ಟೆಂಬರ ೧೭ರಂದು ನಿಜಾಮರ ಆಳ್ವಿಕೆ ಮುಗಿಯಿತು. ೧೯೫೬ರ ನವೆಂಬರ ೧ರಂದು ರಾಯಚೂರು ಕನ್ನಡ ರಾಜ್ಯವನ್ನು ಸೇರಿತು. ಮಕ್ಕಳಿಗೆ ಮನೆಮಾತಿನಲ್ಲಿ ಕಲಿಯುವ ಹಕ್ಕು ಬಂದಿತು. ಒಮ್ಮೆಗೇ ಎಲ್ಲ ಸರಿಹೋಯಿತೆಂದು ಜನ ಭಾವಿಸಿದ್ದರೆ ತಪ್ಪಲ್ಲ. ಆದರೆ ಹುಕುಂ ಬದಲಾಯಿಸುವುದು ಒಂದು ದಿನದ ಕೆಲಸ; ಕನ್ನಡದಲ್ಲಿ ಗಣಿತ ಹೇಳಬಲ್ಲ ಮಾಸ್ತರರನ್ನು ಪಡೆಯುವುದು ಒಂದು ತಲೆಮಾರಿನ ಕೆಲಸ. ಅಲ್ಲಿಯವರೆಗೆ ‘ಹಿಸಾಬ್’ ಕಲಿತಿದ್ದ ಮಾಸ್ತರರೇ ರಾತ್ರಿ ಕುಳಿತು ಕನ್ನಡದ ಮಾತುಗಳನ್ನು ಹುಡುಕಿ ಬೆಳಿಗ್ಗೆ ಪಾಠ ಹೇಳಬೇಕಾಯಿತು.

ಜಿಲ್ಲೆಯ ಊರಿಗೂ ತಾಲೂಕಿನ ಊರಿಗೂ ಇರುವ ಅಂತರ ಮೈಲಿಯಲ್ಲಿ ಅಳೆಯತಕ್ಕದ್ದಲ್ಲ. ದೇವದುರ್ಗ, ಮಾನ್ವಿಗಳಿಗೆ ಆಗ ರೈಲಿರಲಿಲ್ಲ. ಮುಂದೆ ಓದಬೇಕೆಂಬ ಹುಡುಗ ಹೆಗಲಿಗೆ ಗಂಟು ಹಾಕಿಕೊಂಡು ರಾಯಚೂರಿಗೆ ಬರಬೇಕು. ಇಲ್ಲಿ ಉಳಿಯಲು ನೆಂಟರ ಮನೆಯ ಪಡಸಾಲೆಯೋ ಮಠದ ಜಗಲಿಯೋ ಆಗಬೇಕು. ಊಟಕ್ಕೆ ವಾರಾನ್ನವೋ ಊರಿನಿಂದ ಬರುವ ಜೋಳದ ರೊಟ್ಟಿಯ ಗಂಟೋ ಆಗಬೇಕು. ಕಟಿರೊಟ್ಟಿ ಕೆಡುವುದಿಲ್ಲವೆಂಬ ಒಂದೇ ಗುಣದಿಂದ ಈ ನಾಡಿನ ಎಷ್ಟು ಮಕ್ಕಳು ಪಾಸಾದರೋ ಲೆಕ್ಕವಿಟ್ಟವರಿಲ್ಲ. ಹೀಗೆ ಬರಲು ಹುಡುಗನಿಗಾದರೂ ಧೈರ್ಯ ಬೇಕಿತ್ತು. ಹುಡುಗಿಗೆ ದಾರಿಯೇ ಇರಲಿಲ್ಲ.

ಮುಂದೆ ತುಂಗಭದ್ರಾ ಎಡದಂಡೆಯ ಕಾಲುವೆ ಬಂದಿತು; ಮಾನ್ವಿಯ ಎರೆಭೂಮಿಯಲ್ಲಿ ನೆಲ್ಲು ತೂಗಿತು. ನಾರಾಯಣಪುರದ ನೀರು ದೇವದುರ್ಗದ ಕಡೆಗೆ ಹರಿಯಿತು. ಹಟ್ಟಿಯ ಗಣಿಯಿಂದ ಚಿನ್ನ ಹೊರಬರುತ್ತಲೇ ಇದೆ. ೧೯೮೫ರಿಂದ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ ರಾಜ್ಯಕ್ಕೆಲ್ಲ ವಿದ್ಯುತ್ತು ಕಳುಹಿಸುತ್ತ ಬಂದಿದೆ. ನೀರು, ಚಿನ್ನ, ಬೆಳಕು ಮೂರೂ ಈ ಜಿಲ್ಲೆಯಲ್ಲಿವೆ. ಅಕ್ಷರ ಮಾತ್ರ ಹಿಂದುಳಿಯಿತು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ ೭೫ ದಾಟಿದಾಗ ರಾಯಚೂರು ಜಿಲ್ಲೆಯದು ೬೦ನ್ನೂ ಮುಟ್ಟಿರಲಿಲ್ಲ; ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಓದು ಬರುತ್ತಿರಲಿಲ್ಲ. ಡಾಕ್ಟರ್ ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳನ್ನು ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ಸುಗ್ಗಿ ಮುಗಿದೊಡನೆ ಅಲ್ಲಿಯ ಸಂಸಾರಗಳು ಗುಳೆ ಹೊರಡುತ್ತವೆ. ತಂದೆತಾಯಿಗಳ ಜೊತೆಗೆ ಮಕ್ಕಳೂ ಬೆಂಗಳೂರಿನ ಕಟ್ಟಡದ ಕೆಲಸದ ಜಾಗಕ್ಕೆ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಉಳಿದಿರುತ್ತದೆ, ಮುಂದೆ ಸೊನ್ನೆ ಬೀಳುತ್ತ ಹೋಗುತ್ತದೆ.

ಸಂವಿಧಾನಕ್ಕೆ ೩೭೧-ಜೆ ಅನುಚ್ಛೇದ ಸೇರಿ ೨೦೧೩ರಿಂದ ಈ ಭಾಗದ ಮಕ್ಕಳಿಗೆ ವಿದ್ಯೆಯಲ್ಲಿಯೂ ನೌಕರಿಯಲ್ಲಿಯೂ ಮೀಸಲು ದೊರೆತಿದೆ. ಇದು ದೊಡ್ಡ ಲಾಭ. ಆದರೆ ಮೇಲಿನ ಮಹಡಿಯ ಬಾಗಿಲು ತೆರೆದರೆ ಸಾಲದು. ಕೆಳಗಿನ ಮೆಟ್ಟಿಲು ಗಟ್ಟಿಯಿರಬೇಕು. ಆ ಮೆಟ್ಟಿಲೆಂದರೆ ಪ್ರೌಢಶಾಲೆ. ಎಂಟನೆಯ ಇಯತ್ತೆಗೂ ಹತ್ತನೆಯದಕ್ಕೂ ನಡುವೆ ಜಾರಿಬಿದ್ದ ಮಗುವನ್ನು ಯಾವ ಮೀಸಲೂ ಎತ್ತಲಾರದು.

ಹೆಸರು ಉಳಿಯಿತು

ಇಂದು ಹಮದರ್ದ ಶಾಲೆಯನ್ನು ನಡೆಸುವ ಸಂಸ್ಥೆಗೆ ತಾರಾನಾಥರದೇ ಹೆಸರು. ತಾರಾನಾಥ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ಕಾಲೇಜುಗಳೂ ಬೆಳೆದಿವೆ. ಯಾವ ಊರು ಅವರನ್ನು ಉಳಿಸಿಕೊಳ್ಳಲಾರದೆ ಹೋಯಿತೋ ಆ ಊರೇ ಅವರ ಹೆಸರನ್ನು ಹಲಗೆಯ ಮೇಲೆ ಬರೆದುಕೊಂಡಿತು. ಸರ್ಕಾರಗಳು ಬದಲಾದವು, ಕಲಿಸುವ ಭಾಷೆ ಬದಲಾಯಿತು, ಫಸಲಿ ವರ್ಷದ ಲೆಕ್ಕ ಹೋಗಿ ಇಸವಿಯ ಲೆಕ್ಕ ಬಂದಿತು. ಹಮದರ್ದವೆಂಬ ಹೆಸರನ್ನು ಮಾತ್ರ ಯಾರೂ ಅಳಿಸಲಿಲ್ಲ. ಊರುಗಳ, ಬೀದಿಗಳ ಹೆಸರು ಬದಲಾಯಿಸುವ ಹುರುಪು ಹೆಚ್ಚಿರುವ ಈ ದಿನಗಳಲ್ಲಿ ಇದನ್ನು ಸಣ್ಣ ಸಂಗತಿಯೆನ್ನಲಾಗದು.

ತಾರಾನಾಥರ ಮಗ ರಾಜೀವ ತಾರಾನಾಥರು ೧೯೩೨ರಲ್ಲಿ ಹುಟ್ಟಿದರು. ತಂದೆ ತೀರಿಕೊಂಡಾಗ ಅವರಿಗೆ ಹತ್ತು ವರ್ಷ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾದ ಅವರು ಸರೋದಿನ ಹುಚ್ಚು ಹತ್ತಿಸಿಕೊಂಡು ಉಸ್ತಾದ್ ಅಲಿ ಅಕ್ಬರ್ ಖಾನರ ಕಾಲ ಬಳಿ ಕುಳಿತು ಕಲಿತರು. ಲೋಕಪ್ರಸಿದ್ಧ ವಾದಕರಾಗಿ ೨೦೨೪ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ತಂದೆ ಉರ್ದುವಿನ ಮಾತೊಂದನ್ನು ಶಾಲೆಯ ನೆತ್ತಿಯ ಮೇಲಿಟ್ಟರು. ಮಗ ಒಬ್ಬ ಖಾನಸಾಹೇಬರನ್ನು ಗುರುವೆಂದು ತಲೆಯ ಮೇಲಿಟ್ಟುಕೊಂಡರು. ಶಾಲೆ ಕಲಿಸಬೇಕೆಂದದ್ದು ಒಂದು ಮನೆಯಲ್ಲಾದರೂ ಪೂರ್ತಿಯಾಗಿ ಕಲಿತಂತಾಯಿತು.

ಶಾಲೆಯ ಇತಿಹಾಸ ಬರೆಯುವಾಗ ಸಾಮಾನ್ಯವಾಗಿ ಕಟ್ಟಡವೆಷ್ಟು, ಪಾಸಾದವರೆಷ್ಟು, ಆಟದಲ್ಲಿ ಗೆದ್ದ ಬಟ್ಟಲುಗಳೆಷ್ಟು ಎಂದು ಎಣಿಸುತ್ತಾರೆ. ಎಣಿಸಲಿ. ಆದರೆ ಹಮದರ್ದವೆಂದು ಹೆಸರಿಟ್ಟುಕೊಂಡ ಶಾಲೆಯನ್ನು ಕೇಳಬೇಕಾದ ಪ್ರಶ್ನೆ ಬೇರೆಯಿದೆ. ದೇವದುರ್ಗದ ಹಳ್ಳಿಯಿಂದ ಗುಳೆಹೋದ ಹುಡುಗಿಯ ಖಾಲಿ ಜಾಗವನ್ನು ಕಂಡು ನೋಯುವವರು ಎಷ್ಟು ಮಂದಿ? ಈ ಪ್ರಶ್ನೆ ರಾಯಚೂರಿನ ಒಂದು ಶಾಲೆಗೆ ಮಾತ್ರ ಹಾಕಿದ್ದಲ್ಲ. ನೂರು ವರ್ಷದ ಹಿಂದೆ ಹಲಗೆಯ ಮೇಲೆ ಬರೆದ ಆ ಹೆಸರು ಓದಲು ಬಂದ ನಮಗೆಲ್ಲ ಬರೆದದ್ದು.